ಎಣಿಸುವಾಕಿ ಸುಮ್ಮನಾದಾಗ

ಬಿ.ಎಡ್. ಓದುವಾಗ ಪಾಠ ಮಾಡುವ ಅಭ್ಯಾಸಕ್ಕೆಂದು ನನ್ನನ್ನು ಯರಗುಪ್ಪಿಯ ಹೈಸ್ಕೂಲಿಗೆ ಹಾಕಿದ್ದರು. ಹೆಡ್‌ಮಾಸ್ತರರ ಕೆಮ್ಮು, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಸೀಟಿ, ನೀರಿಲ್ಲದ ಬೋರಿನ ಏದುಸಿರು, ಎಲ್ಲ ಮಾಡಿ ತೋರಿಸಿ ಹುಡುಗರನ್ನು ಗೆದ್ದುಕೊಂಡಿದ್ದೆ. ವಿಜ್ಞಾನ ಕಲಿಸುವುದೊಂದು ಬಾಕಿ ಇತ್ತು.

ಕೊನೆಯ ಪಾಠ ನೋಡಲು ಕಾಲೇಜಿನಿಂದ ನಮ್ಮ ಪ್ರಾಧ್ಯಾಪಕರು ಬಂದರು. ಮೈಸೂರು ಕಡೆಯವರು. ಅವರು ಒಪ್ಪದಿದ್ದರೆ ಆ ವರ್ಷ ನನಗೆ ಪದವಿ ಇಲ್ಲ.

ನಾನು ಆರಿಸಿಕೊಂಡದ್ದು ಮೊದಮೊದಲ ಉಪಗ್ರಹಗಳ ಪಾಠ. ಅವುಗಳಲ್ಲಿ ವಿಕಿರಣ ಎಣಿಸುವ ಸಾಧನ ಇಟ್ಟು ಕಳಿಸಿದ್ದರು. ವಿದ್ಯುದಾವೇಶದ ಕಣವೊಂದು ಬಡಿದರೆ ಒಂದು ಎಣಿಕೆ. ಮೇಲೆ ಹೋದಂತೆ ಎಣಿಕೆ ಏರಿತು, ಆಮೇಲೆ ಒಮ್ಮೆಲೇ ನಿಂತೇಹೋಯಿತು. ಯಾಕೆ? ಅದನ್ನೇ ಆಡಿಸಿ ತೋರಿಸಬೇಕಿತ್ತು.

ನಾನು ಭೂಮಿಯಾದೆ. ನನ್ನ ಹೊಟ್ಟೆ ನೋಡಿದ ಯಾರೂ ತಕರಾರು ತೆಗೆಯಲಿಲ್ಲ. ಕಡಲೆ ಬೆಳೆಯುವ ಮನೆಯ ಹುಡುಗಿಯೊಬ್ಬಳು ಸ್ಟೀಲ್ ಡಬ್ಬಿ ಹಿಡಿದು ಉಪಗ್ರಹವಾದಳು. ಉಳಿದವರ ಮುಷ್ಟಿಯಲ್ಲಿ ಕಡಲೆಕಾಳು. ಆಕೆ ನನ್ನ ಹತ್ತಿರ ಸುತ್ತುವಾಗ ಡಬ್ಬಿಗೆ ಒಂದೊಂದೇ ಕಾಳು ಹಾಕಬೇಕು, ದೂರ ಸರಿದಾಗ ಎಲ್ಲರೂ ಕೂಡಿ. ಆಕೆ ಕೂಗಿ ಎಣಿಸಬೇಕು.

“ಲಾಭಾ... ಎರಡ... ಮೂರ...”

ಪ್ರಾಧ್ಯಾಪಕರ ಪೆನ್ನು ನಿಂತಿತು. “ಒಂದು ಎಲ್ಲಿ ಹೋಯ್ತು?”

“ಸುಗ್ಗ್ಯಾಗ ಕಾಳಿನ ರಾಶಿ ಅಳಿಯೂ ಮುಂದ ಒಂದ ಅನ್ನೂದಿಲ್ರಿ ಸರ, ಲಾಭ ಅಂತಾರ್ರಿ,” ಎಂದೆ.

“ಹೌದಾ,” ಎಂದು ಅವರು ಏನೋ ಬರೆದುಕೊಂಡರು. ಭೂಮಿ ಸಣ್ಣಗೆ ನಡುಗಿತು.

ಹುಡುಗಿ ದೂರದ ಸುತ್ತಿಗೆ ಹೋದದ್ದೇ ತಡ, ಕಾಳು ಮಳೆಯಂತೆ ಸುರಿದವು. ಒದ್ದಾಡುತ್ತ, ತೊದಲುತ್ತ ಎಣಿಸೆಂದು ಆಕೆಗೆ ನಾನೇ ನಟನೆ ಕಲಿಸಿದ್ದೆ. ಆಕೆ ಬಾಯಿ ಮುಚ್ಚಿ ನಿಂತುಬಿಟ್ಟಳು.

“ಎಣಿಸ ಬೇ!” ಎಂದು ಪಿಸುಗುಟ್ಟಿದೆ. ಒಲ್ಲೆನೆಂದು ತಲೆಯಾಡಿಸಿದಳು.

“ಯಾಕಮ್ಮ ನಿಲ್ಲಿಸಿದೆ?” ಪ್ರಾಧ್ಯಾಪಕರು ಕೇಳಿದರು.

“ಎಣಿಕಿ ತಪ್ಪಿತ್ರಿ. ತಪ್ಪಿದ ಮ್ಯಾಲ ಸುಳ್ಳ ಹೇಳಬಾರದ್ರಿ, ರಾಶಿ ಕೆಡತೈತಿ. ನಮ್ಮಪ್ಪ ಬೈತಾನ್ರಿ.”

ನನ್ನ ಪದವಿ ಡಬ್ಬಿಯಿಂದ ಹೊರಗೆ ಉರುಳಿದ ಕಾಳಿನ ಹಿಂದೆ ಹೋದಂತಾಯಿತು. ಪ್ರಾಧ್ಯಾಪಕರು ತರಗತಿಯತ್ತ ತಿರುಗಿದರು. “ಇವಳೇನೂ ಎಣಿಸ್ತಾ ಇಲ್ಲ. ಹಾಗಾದ್ರೆ ಅಷ್ಟು ದೂರದಲ್ಲಿ ಏನೂ ಇಲ್ಲ ಅಂತ ಬರ್ಕೊಳ್ಳೋಣ್ವಾ?”

“ಏನೂ ಇಲ್ಲೇನ್ರಿ? ಡಬ್ಬಿ ತುಂಬಿ ಚೆಲ್ಲೈತ್ರಿ!”

“ಭಾಳ ಬಿದ್ದದ್ದಕ್ಕ ಆಕಿ ಬಾಯಿ ಮುಚ್ಯಾಳ್ರಿ ಸರ!”

ತರಗತಿಯೆಲ್ಲ ಎದ್ದು ನಿಂತು ಅವರಿಗೆ ತಿಳಿಸಿ ಹೇಳತೊಡಗಿತು. ನಾನು ಎರಡು ಪುಟ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಅದೇ. ಅಷ್ಟು ಎತ್ತರದಲ್ಲಿ ಕಣಗಳು ಒಂದರ ಬೆನ್ನಿಗೊಂದು ನುಗ್ಗಿದ್ದರಿಂದ ಸಾಧನಕ್ಕೆ ಬಿಡಿಬಿಡಿಯಾಗಿ ಎಣಿಸಲು ಆಗಿರಲಿಲ್ಲ. ನಾನು ಬೋರ್ಡಿನ ಮೇಲೆ ಭೂಮಿ ಬರೆದು, ಸುತ್ತ ಪಟ್ಟಿ ಎಳೆದು, ಭೂಮಿಯ ಕಾಂತಕ್ಷೇತ್ರವೇ ಆ ಕಣಗಳನ್ನು ಅಲ್ಲಿ ಹಿಡಿದಿಟ್ಟಿದೆ ಎಂದಷ್ಟೇ ಹೇಳಿದೆ. ಎಲ್ಲರಿಗೂ ತಿಳಿಯಿತು. ನಿಜ ಹೇಳಬೇಕೆಂದರೆ, ನನಗೂ ಆಗಲೇ ಸರಿಯಾಗಿ ತಿಳಿದದ್ದು.

“ಇವಳು ಸುಮ್ಮನಾಗೋದು ನಿಮ್ಮ ಪಾಠಯೋಜನೇಲಿ ಇಲ್ವಲ್ಲ?” ಎಂದರು ಪ್ರಾಧ್ಯಾಪಕರು.

“ಇಲ್ರಿ ಸರ.”

“ಸೇರಿಸಿ ಬರೀರಿ. ಸಹಿ ಹಾಕ್ತೀನಿ.”

ನಾನು ಹಲ್ಲು ಬಿಡುತ್ತ ನಿಂತಿರುವಾಗ ಹುಡುಗಿ ಡಬ್ಬಿ ತಂದು ನನ್ನ ಕೈಗಿಟ್ಟಳು. “ಈಗ ನೀವು ಉಪಗ್ರಹ ಆಗ್ರಿ ಸರ, ನಾವು ಕಾಳ ಒಗಿತೀವಿ.”

ಪ್ರಾಧ್ಯಾಪಕರೂ ಒಂದು ಮುಷ್ಟಿ ಕಾಳು ಎತ್ತಿಕೊಂಡರು. ಅವರು ಗುರಿಯಿಟ್ಟದ್ದು ಡಬ್ಬಿಗಲ್ಲ, ನನ್ನ ಹೊಟ್ಟೆಗೆ.