ಬಿರುಕಿಗೆ ಹಚ್ಚಿದ ಕಾಗದ

ಕುದಿಸಿದ ಮೈದಾ ಅಂಟಿನ ವಾಸನೆ ಬಂದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಮೊನ್ನೆ ಜೇವರ್ಗಿ ಬಸ್ ನಿಲ್ದಾಣದಲ್ಲಿ ಪೋಸ್ಟರ್ ಹಚ್ಚುತ್ತಿದ್ದವನ ಬಕೆಟ್ಟಿನಿಂದ ಅದು ಬಂತು. ಬಂದ ಬಸ್ಸನ್ನೂ ಬಿಟ್ಟು ಅಲ್ಲೇ ಕುಳಿತುಬಿಟ್ಟೆ.

ಆಳಂದದ ನಮ್ಮ ವಾಡೆಯನ್ನು, ಆ ದೊಡ್ಡ ಮನೆಯನ್ನು, ನೀವು ನೋಡಿಲ್ಲ, ಇನ್ನು ನೋಡುವಂತೆಯೂ ಇಲ್ಲ. ನಿಜಾಮರ ಕಾಲದಲ್ಲಿ ಹತ್ತಿ ವ್ಯಾಪಾರದಿಂದ ಕೈ ತುಂಬಿದ್ದ ಮುತ್ತಜ್ಜ ಹೈದರಾಬಾದಿನಿಂದ ಕೆಲಸಗಾರರನ್ನು ಕರೆಸಿ ಕಟ್ಟಿಸಿದ್ದು. ಬೆಲ್ಲ ಬೆರೆಸಿ ಅರೆದ ಸುಣ್ಣದ ಗಚ್ಚಿನಲ್ಲಿ ಕಮಾನಿನ ತುಂಬ ಗಿಳಿಗಳು, ದ್ರಾಕ್ಷಿ ಗೊಂಚಲು. ಸಾಗವಾನಿ ಕಂಬಗಳ ನೆತ್ತಿಯಲ್ಲಿ ಕಮಲ. ಬೀದಿಯ ಮೇಲೆ ಚಾಚಿಕೊಂಡ ಕೆತ್ತನೆಯ ಸಜ್ಜಾ. ಪಾಯದ ಬಗ್ಗೆ ಮಾತ್ರ ಮುತ್ತಜ್ಜನಿಗೆ ಅಷ್ಟು ಮುತುವರ್ಜಿ ಇರಲಿಲ್ಲ. ಎರೆಮಣ್ಣು ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ನನಗೆ ಒಂಬತ್ತು ವರ್ಷವಾಗಿದ್ದಾಗ ಪಡಸಾಲೆಯ ಗೋಡೆ ಬಿರುಕು ಬಿಟ್ಟಿತು. ಗೋಡೆ ಕಟ್ಟುವ ಗೌಂಡಿ ಬಂದು ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಕಾಗದ ಅಂಟಿಸಿದ. "ಇದು ಹರೀತಂದ್ರ ಗ್ವಾಡಿ ಸರದಾದಂತ ತಿಳೀರಿ. ಅವತ್ತೇ ಮನಿ ಬಿಡ್ರಿ," ಎಂದ. ಅದೇ ಗೋಡೆಯ ಮೇಲೆ ಕೂತ ತೊಲೆಗೆ ಆರು ತಿಂಗಳ ತಮ್ಮನ ತೊಟ್ಟಿಲು ಕಟ್ಟಿತ್ತು. ದಿನಾ ಲಿಂಗಪೂಜೆಗೆ ಮುಂಚೆ ಅಪ್ಪ ಕಾಗದ ನೋಡಿ, "ಹರದಿಲ್ಲ, ಗಟ್ಟಿ ಅದ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನೋಡಿದರೆ ಕಾಗದ ನಡುವೆ ಹರಿದಿತ್ತು. ಆ ಗಿಳಿಗಳನ್ನು ಬಿಟ್ಟು ಹೋಗುವುದೇ? ನನಗೆ ಅಳು ಬಂತು. ಅಂಟು ಕುದಿಸಿ, ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹರಿದದ್ದರ ಮೇಲೆ ಹಚ್ಚಿಬಿಟ್ಟೆ. ಮರುದಿನ ಅಪ್ಪ "ಹರದಿಲ್ಲ" ಎಂದ. ನನ್ನ ಭಯ ಶುರುವಾದದ್ದು ಆಗ. ಅವ್ವ ಕೂಸನ್ನು ತೊಟ್ಟಿಲಿಗೆ ಹಾಕಿದಾಗಲೆಲ್ಲ ನಾನು ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆ. "ತಮ್ಮನ ಮ್ಯಾಲ ಎಷ್ಟ್ ಜೀವ ಅದ ನೋಡ್ರಿ," ಎಂದು ಅವ್ವ ಮೆಚ್ಚಿಕೊಂಡರೆ ತಲೆ ತಗ್ಗಿಸಿ ಕೂಸನ್ನು ಅಂಗಳಕ್ಕೆ ಒಯ್ಯುತ್ತಿದ್ದೆ.

ನಾಲ್ಕನೆಯ ದಿನ ಕೂಸಿಗೆ ಹೊದಿಸಿದ ದುಪಟಿಯ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಇನ್ನು ತಡೆಯಲಾಗಲಿಲ್ಲ. ಜೋಳ ಹಸನು ಮಾಡುತ್ತಿದ್ದ ಅಪ್ಪನ ತಾಯಿಗೆ, ನಮ್ಮ ಆಯಿಗೆ, ಎಲ್ಲ ಹೇಳಿ ಏಟಿಗಾಗಿ ಕಾದೆ. ಆಯಿಯ ಮುಖ ಬಿಳಿಚಿತು.

"ನೀನೂ ಹಚ್ಚೀದೇನವ್ವಾ? ನಾ ಎರಡು ಸಲ ಹಚ್ಚೇನಿ."

ಮೊರ ಎಸೆದು ಎದ್ದವಳೇ ಕೂಸನ್ನು ಎದೆಗವಚಿಕೊಂಡು, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಬೀದಿಗೆ ಓಡಿದಳು. "ಎಲ್ಲಾರೂ ಹೊರಗ ಬರ್ರೋ!"

ಸಂಜೆ ಗೌಂಡಿ ಬಂದು ಕಾಗದ ಕಿತ್ತ. ರೊಟ್ಟಿಯಷ್ಟು ದಪ್ಪವಾಗಿ ಎದ್ದು ಬಂತು. "ಇವೆಷ್ಟ್ ಹಚ್ಚೀರ್ರಿ?" ಎನ್ನುತ್ತ ಪದರ ಬಿಡಿಸಿದ. ನನ್ನದು, ಆಯಿಯವು ಎರಡು. ಅದರ ಕೆಳಗೆ ಇನ್ನೊಂದು, ಅಪ್ಪನ ಕೈಬರಹವಿದ್ದ ಕಾಗದ. ಅಪ್ಪ ಮುಖ ತಿರುಗಿಸಿಕೊಂಡ. ಆ ರಾತ್ರಿಯೇ ಮನೆ ಬಿಟ್ಟೆವು.

ಆ ಮಳೆಗಾಲದಲ್ಲೇ ಗೋಡೆ ತೊಲೆಯ ಸಮೇತ ಕುಸಿಯಿತು. ಉಳಿದದ್ದನ್ನು ಕೆಡವಿಸಿದೆವು. ಈಗ ಆಯಿಯೂ ಇಲ್ಲ, ಅಪ್ಪನೂ ಇಲ್ಲ. ತಮ್ಮ ಕಲಬುರಗಿಯಲ್ಲಿ ವಕೀಲ. ಹಳೆಯ ಫೋಟೊ ಕೈಗೆ ಸಿಕ್ಕಾಗಲೆಲ್ಲ, "ಇಂಥಾ ವಾಡೇನ ಯಾರರ ಬಿಡ್ತಾರೇನ್ ಅಕ್ಕಾ? ನಿಮಗ್ಯಾರಿಗೂ ಅದರ ಮ್ಯಾಲ ಮಾಯಾನೇ ಇರಲಿಲ್ಲ," ಎಂದು ಬೇಜಾರು ಮಾಡಿಕೊಳ್ಳುತ್ತಾನೆ. ಎಷ್ಟು ಮಾಯೆ, ಎಷ್ಟು ಪ್ರೀತಿ ಇತ್ತೆಂದು ಅವನಿಗೆ ನಾನು ಇಂದಿಗೂ ಹೇಳಿಲ್ಲ.