ಸೀಬೆ ಮರದ ಮೇಲಿನ ಬೆಲ್ ತಾತ

ಮೊನ್ನೆ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕಣ್ಣಿಗೆ ಫಳ್ಳನೆ ಬೆಳಕು ಹೊಡೆಯಿತು. ಗಿಳಿ ಬಾರದಿರಲಿ ಎಂದು ಸೀಬೆ ಮರದ ಕೊಂಬೆಗಳಿಗೆ ಹಳೆಯ ಸಿಡಿಗಳನ್ನು ದಾರದಲ್ಲಿ ಕಟ್ಟಿದ್ದೇವೆ. ನಮ್ಮ ಹಿಂದೂಪುರದ ಗಿಳಿಗಳು ಅದಕ್ಕೆಲ್ಲ ಹೆದರುವ ಪೈಕಿಯಲ್ಲ. ಅದರಲ್ಲಿ ಮುಖ ನೋಡಿಕೊಂಡು ಆಮೇಲೆ ಹಣ್ಣು ತಿನ್ನುತ್ತವೆ. ತಿರುಗುತ್ತಿದ್ದ ಸಿಡಿಯನ್ನು ಹಿಡಿದು ನಿಲ್ಲಿಸಿದೆ. ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಅರ್ಧ ಅಳಿಸಿತ್ತು: ‘ಬೆಲ್ ತಾತನ ಮೊಮ್ಮಗ’. ಎರಡು ದಿನದಿಂದ ಟ್ರಂಕು, ಅಟ್ಟ, ಹೊಲಿಗೆ ಮಷಿನ್ನಿನ ಡ್ರಾಯರ್ ಎಲ್ಲ ಕೆದಕಿ ನಾನು ಹುಡುಕುತ್ತಿದ್ದ ವಸ್ತು ಅದೇ. ಯಾಕೆ ಹುಡುಕುತ್ತಿದ್ದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಇಷ್ಟು ಕೇಳಿ: ಅದೊಂದು ಸಿನಿಮಾ, ಅದರಲ್ಲಿ ಹದಿನೇಳು ವರ್ಷದ ಕಾಲೇಜು ಹುಡುಗಿ ನಾನು. ಆಗ ನನಗೆ ಮೂವತ್ತೆರಡು ತುಂಬಿ, ಎರಡು ಮಕ್ಕಳಿದ್ದವು.

ನಗಿ, ಪರವಾಗಿಲ್ಲ. ನಮ್ಮ ಬೀದಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಹದಿನೈದು ವರ್ಷದ ಕೆಳಗೆ ಕಾಲೇಜು ಹುಡುಗರ ತಮಾಷೆ ಸಿನಿಮಾ ಒಂದು ಬಂದು ಊರೂರಲ್ಲೂ ಓಡಿತು. ಅದರ ಹೆಸರು ಹೇಳುವುದಿಲ್ಲ. ನಾವು ಮಾಡಿದ ಕೆಲಸ ಗೊತ್ತಾದರೆ ಅದರ ಯಜಮಾನರು ಈಗಲಾದರೂ ಮನೆಗೆ ಬಂದು ಕೇಳಿಯಾರು. ಆ ಕಾಲದಲ್ಲಿ ಒಂದು ಸಿನಿಮಾ ಗೆದ್ದರೆ ಸಾಕು, ಸಣ್ಣಪುಟ್ಟವರು ಅದರ ಹೀರೋನ ತಮ್ಮ, ಭಾವಮೈದ, ಪಕ್ಕದ ಮನೆಯವ ಹೀಗೆ ಯಾರನ್ನಾದರೂ ಹಿಡಿದು ಇನ್ನೊಂದು ಕತೆ ಹೊಸೆದು, ಸಿಡಿ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರು. ನನ್ನ ತಮ್ಮ ಮಂಜು ಮದುವೆಗಳಿಗೆ ವಿಡಿಯೋ ತೆಗೆಯುವವನು. ಅವನ ಕಣ್ಣು ಬಿದ್ದದ್ದು ಆ ಸಿನಿಮಾದಲ್ಲಿ ಕಾಲೇಜಿನ ಗಂಟೆ ಹೊಡೆಯುವ ಮುದುಕನ ಮೇಲೆ.

“ಅವನ್ಗೆ ಎರಡೇ ಸೀನು ಕಣಕ್ಕಾ. ಆಮ್ಯಾಕೆ ಅವನ ಕತೆ ಏನಾಯ್ತು ಅಂತ ಜನಕ್ಕೆ ಕುತೂಹಲ ಇರಲ್ವಾ?” ಅಂದ.

ಜನಕ್ಕೆ ಇರಲಿಲ್ಲ. ಇದ್ದದ್ದು ಮಂಜುಗೆ, ಅದಕ್ಕೊಂದು ಕಾರಣವೂ ಇತ್ತು. ಕಲ್ಯಾಣದುರ್ಗದ ಒಂದು ಮದುವೆಗೆ ಹೋದವನು ವಿಡಿಯೋ ತಂದು ಕೊಟ್ಟಾಗ ಅದರಲ್ಲಿ ತಾಳಿ ಕಟ್ಟುವುದೇ ಇರಲಿಲ್ಲ. ಪಂಕ್ತಿಯಲ್ಲಿ ನೀರು ಬಡಿಸುವ ಹುಡುಗಿಯೊಬ್ಬಳು ಮಾತ್ರ ಧಾರಾಳವಾಗಿ ಇದ್ದಳು. ಹೆಣ್ಣಿನ ಕಡೆಯವರು ಗಲಾಟೆ ಮಾಡಿದರು. ಗುಟ್ಟು ಹಾಗೆ ಬಯಲಾಯಿತು. ಹುಡುಗಿ ಗಿರಿಜ, ಅಲ್ಲಿಯ ಕಡ್ಲೆಕಾಯಿ ವ್ಯಾಪಾರಿ ವೀರಭದ್ರಪ್ಪನವರ ಮಗಳು. ಅವಳಿಗೂ ಮನಸ್ಸಿತ್ತು. ಜಾತಿ, ಮನೆತನ ಯಾವುದೂ ಅಡ್ಡಿಯಿರಲಿಲ್ಲ, ಕ್ಯಾಮೆರಾ ಒಂದೇ ಅಡ್ಡಿ.

ಮಾತುಕತೆಗೆ ಹೋದಾಗ ವೀರಭದ್ರಪ್ಪನವರು ಅಂದರು: “ಬ್ಯಾರೇರ ಮದ್ವೇಲಿ ಲೈಟ್ ಹಿಡ್ಕಂಡು ನಿಂತ್ಕಳದೂ ಒಂದ್ ಕೆಲ್ಸಾನಾ? ನಿನ್ನ ಹೆಸ್ರಾಕಿ ಒಂದ್ ಪಿಕ್ಚರ್ ಮಾಡಿ, ಅದನ್ನ ಕೊಳ್ಳೋ ಒಬ್ಬನ್ನ ತೋರ್ಸಪ್ಪ. ಇಲ್ಲಾಂದ್ರೆ ಕ್ಯಾಮ್ರಾ ಮಾರಿ ನಮ್ಮಂಗ್ಡೀಲಿ ಕೂತ್ಕ. ಎರಡೂ ಆಗಲ್ಲಾಂದ್ರೆ ನನ್ನ ಮಗಳನ್ನ ಮರೆತ್ಬುಡು.”

ಮಂಜುವಿಗೆ ಕಡ್ಲೆಕಾಯಿ ತಿನ್ನಲು ಬರುತ್ತಿತ್ತು, ತೂಗಲು ಬರುತ್ತಿರಲಿಲ್ಲ. ಹಾಗಾಗಿ ಪಿಕ್ಚರ್ ಶುರುವಾಯಿತು. ಕತೆ ಇಷ್ಟೆ: ಬೆಲ್ ತಾತನ ಮೊಮ್ಮಗ ಅದೇ ಕಾಲೇಜಿಗೆ ಸೇರಿ, ದಿನಾ ತಡವಾಗಿ ಬಂದು, ಗೇಟಿನ ಹೊರಗೇ ಉಳಿದು, ಅಲ್ಲೇ ಪ್ರೀತಿ ಮಾಡುತ್ತಾನೆ. ಕಾಲೇಜಿನವರು ನಮಗೆ ಗೇಟಿನವರೆಗೆ ಮಾತ್ರ ಅನುಮತಿ ಕೊಟ್ಟಿದ್ದರು. ಕತೆ ಹುಟ್ಟಿದ್ದು ಅಲ್ಲಿಂದಲೇ. ಹೀರೋಯಿನ್ನಿಗೆ ಊರಲ್ಲಿ ಯಾರೂ ತಮ್ಮ ಮಗಳನ್ನು ಕಳಿಸಲಿಲ್ಲ. “ನೀನೇ ಮಾಡಕ್ಕಾ, ದೂರದಿಂದ ತೆಗೀತೀನಿ” ಎಂದು ಮಂಜು ಕೈ ಮುಗಿದ. ನಾನು ಹೀರೋಯಿನ್ ಆದ ಮೇಲೆ ಹೀರೋ ಯಾರಾಗಬೇಕು? ಬೇರೆ ಗಂಡಸಾದರೆ ನಾಳೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ನನ್ನ ಗಂಡನೇ ಆದರು.

ಇವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಲೇಪಾಕ್ಷಿ ಬಸ್ಸು ಎರಡು ನಿಮಿಷ ತಡವಾದರೂ ಕೂಗಾಡುವ ಮನುಷ್ಯ, ಪಿಕ್ಚರಿನಲ್ಲಿ ದಿನಾ ತಡವಾಗಿ ಬರುವ ಹುಡುಗ. ತಲೆಯಲ್ಲಿ ಕೂದಲು ಆಗಲೇ ವಿರಳವಾಗಿದ್ದರಿಂದ ಹೀರೋ ಬಿಸಿಲಿರಲಿ ಮೋಡವಿರಲಿ ಟೋಪಿ ತೆಗೆಯುವುದಿಲ್ಲ. ನಾನು ಕಾಲುಂಗುರ ತೆಗೆಯುವುದಿಲ್ಲವೆಂದು ಹಟ ಹಿಡಿದೆ. ಹೀರೋಯಿನ್ನಿಗೆ ಇಡೀ ಪಿಕ್ಚರಿನಲ್ಲಿ ಪಾದವೇ ಇಲ್ಲ. ಬೇರೆ ಹುಡುಗರೆಲ್ಲ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳು. ಅಷ್ಟು ವಯಸ್ಸಾದ ತರಗತಿಯನ್ನು ಯಾವ ಕಾಲೇಜೂ ಕಂಡಿರಲಿಕ್ಕಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಅಲ್ಲಿಯವರೆಗೆ, ಮದುವೆಯಾದ ಒಂಬತ್ತು ವರ್ಷದಲ್ಲಿ, ಇವರು ನನಗೆ ಹೇಳಿದ ಮಾತುಗಳಲ್ಲಿ ಹೆಚ್ಚಿನವು ಉಪ್ಪು, ಖಾರ, ಇಸ್ತ್ರಿಗೆ ಸಂಬಂಧಿಸಿದವು. ಆ ಗೇಟಿನ ಮುಂದೆ, ಟೋಪಿ ಹಾಕಿಕೊಂಡು, ಒಳಗೆ ಹೋಗುತ್ತಿದ್ದ ನನ್ನನ್ನು ನೋಡಿ “ಗೇಟು ಮೂಸಿನಾ ನೇನು ಈಡ್ನೇ ಉಂಟಾ” ಅಂದರು. ಗೇಟು ಮುಚ್ಚಿದರೂ ನಾನು ಇಲ್ಲೇ ಇರುತ್ತೇನೆ ಅಂತ. ಮಂಜು ಬರೆದ ಮಾತು ಎಂದು ಗೊತ್ತಿದ್ದೂ ನನಗೆ ಮುಖ ಕೆಂಪಾಯಿತು. ಪಿಕ್ಚರ್ ಮುಗಿದ ಮೇಲೆ ಆ ಮಾತು ಮತ್ತೆ ಕೇಳಲಿಲ್ಲ. ಇಸ್ತ್ರಿ ಪುನಃ ಶುರುವಾಯಿತು.

ಬೆಲ್ ತಾತನ ಪಾತ್ರಕ್ಕೆ ಒಪ್ಪಿದ್ದ ಮುದುಕರು ಮೊದಲ ದಿನವೇ ಬರಲಿಲ್ಲ. ಅದೇ ದಿನ ವೀರಭದ್ರಪ್ಪನವರು ‘ಈ ಹುಡುಗ ಏನ್ ಕಿಸೀತಾನೆ ನೋಡಣ’ ಎಂದು ಕಲ್ಯಾಣದುರ್ಗದಿಂದ ಬಂದು ಬೇವಿನ ಮರದಡಿ ನಿಂತಿದ್ದರು. ಮಂಜು ಬೇರೆ ದಾರಿ ಕಾಣದೆ, “ಯಜಮಾನ್ರೇ, ಒಂದೇ ಒಂದ್ ಸಲ ಆ ಗಂಟೆ ಹೊಡೀರಿ” ಅಂದ. ಅವರು ಮುಖ ಗಂಟಿಕ್ಕಿಕೊಂಡೇ ಹೊಡೆದರು. ಇನ್ನೊಮ್ಮೆ ಹೊಡೆದರು. ಆಮೇಲೆ ನಮ್ಮ ಶೂಟಿಂಗಿನ ದಿನವಾದ ಪ್ರತಿ ಗುರುವಾರ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಯಾರೂ ಕರೆಯದೆಯೇ ಬಸ್ಸಿಳಿಯತೊಡಗಿದರು. ಎರಡು ಮಾತಿದ್ದ ತಾತನಿಗೆ ಪ್ರತಿ ವಾರ ಮಾತು ಬೆಳೆಯಿತು. “ಬೆಲ್ ಆಯ್ತು! ಇನ್ನಾ ಏನ್ ನಿಂತಿದ್ದೀರಾ? ಪೋಂಡಿ ಲೋಪಲಿಕಿ!” ಎಂದು ಅವರು ಗದರಿಸಿದರೆ ಕಂಡಕ್ಟರುಗಳು ನಿಜವಾಗಿಯೂ ಗೇಟಿನೊಳಗೆ ಓಡಿಬಿಡುತ್ತಿದ್ದರು. ಹಾಗೆಂದು ಅವರು ಷರತ್ತನ್ನು ಮರೆತಿರಲಿಲ್ಲ. “ಆಕ್ಟಿಂಗ್ ಬ್ಯಾರೆ, ಮಗಳು ಬ್ಯಾರೆ” ಎಂದು ಪ್ರತಿ ಸಲ ಬಸ್ ಹತ್ತುವಾಗ ಮಂಜುಗೆ ನೆನಪಿಸುತ್ತಿದ್ದರು.

ಕೊಳ್ಳುವವನು ಕೊನೆಗೂ ಸಿಕ್ಕಿದ. ಬೆಂಗಳೂರಿನ ಸಿಡಿ ವ್ಯಾಪಾರಿಯೊಬ್ಬ, ಕೊಡಿಕೊಂಡ ಚೆಕ್‌ಪೋಸ್ಟಿನ ಢಾಬಾದಲ್ಲಿ ಊಟಕ್ಕೆ ನಿಲ್ಲುತ್ತೇನೆ, ಅಲ್ಲೇ ತೋರಿಸಿ ಅಂದ. ನಾವು ನಾಲ್ವರೂ ಹೋದೆವು: ಮಂಜು, ನಾನು, ಇವರು, ಪೇಟ ಸುತ್ತಿಕೊಂಡ ವೀರಭದ್ರಪ್ಪನವರು. ಢಾಬಾದ ಟಿ.ವಿ.ಯಲ್ಲಿ ಪಿಕ್ಚರ್ ಹಾಕಿದರು. ರೊಟ್ಟಿ ತಟ್ಟುವವನು ನಕ್ಕ, ನಮ್ಮ ಕಡೆಯ ಲಾರಿ ಡ್ರೈವರುಗಳು ಮೇಜು ಕುಟ್ಟಿ ನಕ್ಕರು. ವ್ಯಾಪಾರಿ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ.

“ಇದು ಕನ್ನಡ ಪಿಕ್ಚರ್ರಾ, ತೆಲುಗು ಪಿಕ್ಚರ್ರಾ?” ಎಂದು ಕೇಳಿದ.

“ಕನ್ನಡ” ಎಂದ ಮಂಜು. “ತೆಲುಗು” ಎಂದರು ವೀರಭದ್ರಪ್ಪನವರು. ಇಬ್ಬರೂ ಒಟ್ಟಿಗೇ ಹೇಳಿದರು.

“ಅಲ್ಲ ಸ್ವಾಮಿ, ಹುಡುಗಿ ಕನ್ನಡದಲ್ಲಿ ಕೇಳ್ತಾಳೆ, ಹುಡುಗ ತೆಲುಗಲ್ಲಿ ಹೇಳ್ತಾನೆ!”

ದೇವರಾಣೆಗೂ ಅಲ್ಲಿಯತನಕ ಗಡಿಯೂರಿನ ನಮಗೆ ಅದು ಹೊಳೆದಿರಲಿಲ್ಲ. ಇವರು ಹುಟ್ಟಿದ್ದು ತೆಲುಗು ಮನೆಯಲ್ಲಿ, ನಾನು ಕನ್ನಡ ಮನೆಯಲ್ಲಿ. ಮದುವೆಯಾದಾಗಿನಿಂದ ನಾನು ಕನ್ನಡದಲ್ಲಿ ಬೈದರೆ ಇವರು ತೆಲುಗಿನಲ್ಲಿ ಸಹಿಸಿಕೊಳ್ಳುತ್ತಾರೆ. ಕ್ಯಾಮೆರಾ ಮುಂದೆಯೂ ಹಾಗೇ ಮಾತಾಡಿದ್ದೆವು. ಬರೆದ ಮಂಜು, ಆಡಿದ ನಾವು, ನೋಡಲು ನೆರೆದ ಅರ್ಧ ಹಿಂದೂಪುರ, ಒಬ್ಬರಿಗಾದರೂ ಅದು ತಪ್ಪು ಅನ್ನಿಸಿರಲಿಲ್ಲ.

ವ್ಯಾಪಾರಿ ಕೈ ತೊಳೆದು ಬಂದು ಮಂಜುಗೆ ಹೇಳಿದ: “ಒಂದೇ ಭಾಷೆಗೆ ಡಬ್ ಮಾಡ್ಕೊಂಡು ಬನ್ನಿ. ಆ ಗಂಟೆ ಮುದುಕನ್ನ ಪೂರ್ತಿ ಕಿತ್ತಾಕಿ, ಅವನಿಗೆ ಆಕ್ಟಿಂಗೇ ಬರಲ್ಲ. ಇಷ್ಟು ಮಾಡಿದ್ರೆ ತಗೊಳ್ತೀನಿ, ನಿಮ್ಮ ಹೆಸರೂ ಹಾಕ್ತೀನಿ.”

ಪೇಟದಿಂದಾಗಿ ಅವನಿಗೆ ಗುರುತು ಸಿಕ್ಕಿರಲಿಲ್ಲ. ವೀರಭದ್ರಪ್ಪನವರು ಪಕ್ಕದ ಕುರ್ಚಿಯಲ್ಲೇ ಮಜ್ಜಿಗೆ ಲೋಟ ಹಿಡಿದು ಕೂತಿದ್ದರು. ನಾನು ಮಂಜುವಿನ ಮುಖ ನೋಡಿದೆ. ಹೂಂ ಅಂದರೆ ಹುಡುಗಿ ಸಿಗುತ್ತಾಳೆ, ಷರತ್ತು ಹಾಕಿದವರೇ ಎದುರಿಗಿದ್ದಾರೆ.

“ಇಲ್ಲ ಸಾರ್” ಎಂದ ಮಂಜು. “ತಾತ ಇಲ್ದಿದ್ರೆ ನಮ್ ಪಿಕ್ಚರ್ರೇ ಇಲ್ಲ.” ಸಿಡಿ ತೆಗೆದುಕೊಂಡು ಹೊರಗೆ ನಡೆದುಬಿಟ್ಟ.

ಹಿಂದೂಪುರದ ಬಸ್ಸು ಚಿಲಮತ್ತೂರು ದಾಟಿತು. ಮಂಜು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಆಮೇಲೆ ವೀರಭದ್ರಪ್ಪನವರು ಗಂಟಲು ಸರಿ ಮಾಡಿಕೊಂಡರು.

“ಆಕ್ಟಿಂಗ್ ಬರಲ್ವಂತೆ! ಆ ನನ್ಮಗನ್ಗೇನ್ ಗೊತ್ತು ಕಣಮ್ಮ?” ಎಂದು ಮೊದಲು ನನಗೆ ಹೇಳಿದರು. ಆಮೇಲೆ ಮಂಜು ಕಡೆ ತಿರುಗಿ, “ಬರೋ ಸೋಮವಾರ ನಿಮ್ಮೋರ್ನ ಕರ್ಕಂಡು ಬಾರಪ್ಪ, ದಿನ ನೋಡ್ಸಣ. ಒಂದ್ ಮಾತು ಮಾತ್ರ. ಎರಡನೇ ಭಾಗದಾಗೆ ತಾತ ಸಾಯಂಗಿಲ್ಲ” ಅಂದರು.

ಎರಡನೇ ಭಾಗ ಬರಲೇ ಇಲ್ಲ. ಮದುವೆ ಆಯಿತು, ತಾಳಿ ಕಟ್ಟುವುದು ಬಿಟ್ಟುಹೋಗದ ಹಾಗೆ ಬೇರೆಯವರು ವಿಡಿಯೋ ತೆಗೆದರು. ಮಂಜು ಇವತ್ತಿಗೂ ಕ್ಯಾಮೆರಾ ಹಿಡಿದೇ ಬದುಕುತ್ತಿದ್ದಾನೆ.

ವೀರಭದ್ರಪ್ಪನವರು ತೀರಿಹೋಗಿ ಎರಡು ತಿಂಗಳಾಯಿತು. ಈ ವಾರ ಗಿರಿಜ ಫೋನ್ ಮಾಡಿ, “ಅತ್ತಿಗೆ, ಎಲ್ರ ಮದ್ವೇನೂ ತೆಗುದ್ರು ಇವ್ರು. ನಮ್ಮಪ್ಪನ ದನಿ ಮಾತ್ರ ಎಲ್ಲೂ ಇಲ್ಲ. ಆ ಸಿಡಿ ನಿಮ್ಮತ್ರ ಐತಾ?” ಎಂದು ಕೇಳಿದಳು. ನಾನು ಹುಡುಕಿದ್ದು ಅದಕ್ಕೆ. ಮಹಾನುಭಾವರನ್ನು ಗಿಳಿ ಓಡಿಸಲು ನೇತುಹಾಕಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಭಾನುವಾರ ಇಬ್ಬರೂ ಬಂದರು. ಮಂಜು ಎಲ್ಲಿಂದಲೋ ಹಳೆಯ ಸಿಡಿ ಪ್ಲೇಯರ್ ತಂದಿದ್ದ. ಗಿಳಿಯ ಕೊಕ್ಕು, ಬಿಸಿಲು, ಧೂಳು ಎಲ್ಲ ಸೇರಿ ಚಿತ್ರ ಚೌಕ ಚೌಕವಾಗಿ ಒಡೆದು ಬಂತು. ನನ್ನ ಹದಿನೇಳು ವರ್ಷವೂ ಕಾಣಲಿಲ್ಲ, ಇವರ ಟೋಪಿಯೂ ಕಾಣಲಿಲ್ಲ. ಆದರೆ ಗಂಟೆ ಕೇಳಿಸಿತು. ಹಿಂದೆಯೇ ಆ ದನಿ: “ಬೆಲ್ ಆಯ್ತು! ಇನ್ನಾ ಏನ್ ನಿಂತಿದ್ದೀರಾ? ಪೋಂಡಿ ಲೋಪಲಿಕಿ!” ಅಲ್ಲಿಗೆ ಸಿಡಿ ಸಿಕ್ಕಿಕೊಂಡಿತು. ಪೋಂಡಿ ಲೋಪಲಿಕಿ, ಪೋಂಡಿ ಲೋಪಲಿಕಿ. ಎಲ್ಲರೂ ಒಳಗೆ ಹೋಗಿ ಎಂದು ತಾತ ಬಿಡದೆ ಗದರಿಸುತ್ತಿದ್ದರು. ಗಿರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಪ್ಲೇಯರ್ ಆರಿಸಲು ಯಾರಿಗೂ ಕೈ ಬರಲಿಲ್ಲ.

ಆಗ ಇವರು, ಕೂದಲು ಪೂರ್ತಿ ಹೋದ ತಲೆ ಸವರಿಕೊಳ್ಳುತ್ತ, ಆ ಸೀನಿನ ಮುಂದಿನ ಮಾತನ್ನು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ನೋಡಿದ್ದು ಮಾತ್ರ ನನ್ನ ಕಡೆಗೆ.

“ಗೇಟು ಮೂಸಿನಾ ನೇನು ಈಡ್ನೇ ಉಂಟಾ.”

ಗಿರಿಜ ಅಳುತ್ತಿದ್ದವಳು ನಕ್ಕುಬಿಟ್ಟಳು. “ಸುಮ್ನಿರಿ, ಮಗು ಓದ್ಕೊಳ್ತೈತೆ” ಎಂದು ನಾನು ಕನ್ನಡದಲ್ಲಿ ಬೈದು, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಮಗು ಊರಲ್ಲೇ ಇಲ್ಲ, ಓದು ಮುಗಿಸಿ ಎರಡು ವರ್ಷವಾಯಿತು. ಸಿಡಿಯನ್ನು ಗಿರಿಜ ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಕಲ್ಯಾಣದುರ್ಗದ ತವರಿಗೆ ಒಯ್ದಳು. ಆ ಕೊಂಬೆಗೆ ಬೇರೆಯದನ್ನು ಕಟ್ಟಲಿಲ್ಲ; ಈ ವರ್ಷದ ಸೀಬೆಹಣ್ಣನ್ನು ಗಿಳಿಗಳೇ ತಿನ್ನುತ್ತಿವೆ.