ಬಕೆಟ್ಟುಗಳ ಸಾಲು

ತಾಕೊರಾಡಿ ಎಂಬ ಬಂದರು ಊರಿನ ಬಟ್ಟೆ ಗಿರಣಿಯಲ್ಲಿ ಹೊಸ ವಿನ್ಯಾಸ ಯಾರಿಗೆ ಬೇಕಾದರೂ ಹೊಳೆಯಬಹುದಿತ್ತು, ನೆಲ ಗುಡಿಸುವವರಿಗೂ. ಹೊಳೆದದ್ದನ್ನು ಶುಕ್ರವಾರದ ಸಭೆಯಲ್ಲಿ ಎಲ್ಲರೆದುರು ಹೇಳಬೇಕು. ಸಭೆ ಒಪ್ಪಿದರೆ ಮಾದರಿ ತುಂಡಿಗೆ ಒಗೆತದ ಪರೀಕ್ಷೆ, ಅಲ್ಲಿಂದ ಅಚ್ಚು, ಅಚ್ಚಿನಿಂದ ಸಂತೆ. ಯಾವ ಮೆಟ್ಟಿಲನ್ನೂ ಹಾರುವಂತಿಲ್ಲ. ಎಲ್ಲಾದರೂ ಎಡವಿದರೆ ಸರಿಪಡಿಸಿಕೊಂಡು ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು.

ಇದನ್ನು ನಡೆಸುತ್ತಿದ್ದವಳು ಅರಬಾ. ಈ ನಿಯಮ ಕಟ್ಟುವಾಗ ಅಚ್ಚು ಕೊರೆಯುವ ಮೆನ್ಸಿಮಾ ಜೊತೆಗಿದ್ದಳು. ಹಿಂದೆ ಮ್ಯಾನೇಜರರ ಭಾವಮೈದುನನ ವಿನ್ಯಾಸಗಳು ನೇರ ಅಚ್ಚಿಗೇರಿ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಗಿರಣಿಯ ಮಾನ ಕಳೆದಿದ್ದವು. ಆಗ "ರಾಜನಿಗೂ ಸರದಿಯೇ" ಎಂದು ಮೇಜು ಕುಟ್ಟಿದವಳು ಮೆನ್ಸಿಮಾ.

ಹೆಸರಿಡುವುದು ಮಾತ್ರ ಗಿರಣಿಯ ಕೆಲಸವಲ್ಲ, ಸಂತೆಯ ಹೆಂಗಸರದು. ಅವರು ಹೆಸರಿಟ್ಟರೆ ಬಟ್ಟೆ ಬದುಕಿತು, ಇಡದಿದ್ದರೆ ಬರೀ ಅರಿವೆ. ಆ ಹೆಸರನ್ನು ಅರಬಾ ಸಭೆಗೆ ತಂದು ಕೂಗುವಳು. ವಿನ್ಯಾಸ ಕೊಟ್ಟವರು ಎದ್ದು ನಿಂತು "ಕೇಳಿಸ್ತು" ಅನ್ನಬೇಕು. ಆಮೇಲೆಯೇ ಮುಂದಿನವರ ಸರದಿ.

ಜನ್ಮವಿಡೀ ಬೇರೆಯವರ ವಿನ್ಯಾಸ ಕೊರೆದ ಮೆನ್ಸಿಮಾ, ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡ ಮೇಲೆ ತನ್ನದೊಂದನ್ನು ತಂದಳು. ಬೀದಿ ನಲ್ಲಿಯ ಮುಂದೆ ಒಡತಿಯರ ಬದಲಿಗೆ ಸರದಿ ಹಿಡಿದು ಕೂತ ಬಕೆಟ್ಟುಗಳು, ಬಟ್ಟೆಯ ತುಂಬ ಹಾವಿನಂತೆ ಸುತ್ತಿಕೊಂಡ ಸಾಲು. ಸಭೆ ನಕ್ಕು ಒಪ್ಪಿತು. ಒಗೆತದಲ್ಲಿ ನೀಲಿ ಬಿಳಿಯೊಳಗೆ ಹರಿಯಿತು.

ಅಚ್ಚುಮನೆಯ ಮೇಸ್ತ್ರಿ ಕೋಬಿನಾ ಅರಬಾಳನ್ನು ಅಡ್ಡಗಟ್ಟಿದ. "ನೀಲಿ ಸರಿ ಮಾಡಿದೀನಿ. ಮತ್ತೆ ಸಾಲಿನ ಕೊನೆಗೆ ಕಳಿಸಿದ್ರೆ ಮುದುಕಿ ಅಷ್ಟು ದಿನ ಉಳಿಯಲ್ಲ. ನಾಳೆನೇ ಅಚ್ಚಿಗೆ ಹಾಕ್ತೀನಿ, ನೀನು ಆ ಕಡೆ ತಿರುಗ್ಕೊಂಡಿರು ಸಾಕು."

"ಸರಿಯಾಗಿದೆ ಅಂತ ನಿನಗೆ ಗೊತ್ತು. ಬಟ್ಟೆಗೆ ಗೊತ್ತಾ?"

"ಸ್ವರ್ಗದ ಬಾಗಿಲಲ್ಲೂ ಟೋಕನ್ ಕೇಳೋಳು ಕಣೆ ನೀನು!"

ಸರದಿ ಮುರಿಯಲೇ ಎಂದು ಮೆನ್ಸಿಮಾಳನ್ನೇ ಕೇಳಬಹುದಿತ್ತು. ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂಬ ಭಯಕ್ಕೆ ಅರಬಾ ಕೇಳಲಿಲ್ಲ. "ಸರದಿ ಬರ್ಲಿ ಅಕ್ಕ" ಎಂದು ಅವಳಿಗೆ ಹೇಳಿದಳು, ಅಷ್ಟೆ.

ಬಟ್ಟೆ ಎರಡನೇ ಒಗೆತ ಗೆದ್ದು ಹಗ್ಗದ ಮೇಲೆ ಒಣಗುತ್ತಿದ್ದಾಗ ಮೆನ್ಸಿಮಾ ಹಾಸಿಗೆ ಹಿಡಿದಿದ್ದಳು. ಅರಬಾ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ, ಮೀನಿನ ಸಾರು ತಂದಿದ್ದಳು. ಮೆನ್ಸಿಮಾ ಮುಟ್ಟಲಿಲ್ಲ.

"ಹೆಸರು ಬಂತಾ?"

ಅರಬಾಳ ಬಾಯಿಂದ ಸುಳ್ಳು ಜಾರಿತು. "ಬಂತು ಅಕ್ಕ. 'ತಾಳಿದವಳು ಬಾಳಿಯಾಳು.' ಸಂತೆಯವರೇ ಇಟ್ಟಿದ್ದು."

ಮೆನ್ಸಿಮಾಗೆ ನಗು ಬಂತು, ನೋವೂ ಬಂತು. "ಸುಳ್ಳಿ! ಇಷ್ಟು ಮರ್ಯಾದಸ್ಥ ಹೆಸರು ಸಂತೇಲಿ ಹುಟ್ಟುತ್ತಾ? ಇದು ಆಫೀಸಿನ ಹೆಸರು ಕಣೆ." ಉಸಿರು ಸುಧಾರಿಸಿಕೊಂಡು ಅರಬಾಳ ಕೈ ತಟ್ಟಿದಳು. "ನಿಜವಾದ್ದು ಬಂದಾಗ ಹೇಳು."

ಆ ವಾರವೇ ತೀರಿಕೊಂಡಳು.

ಬಟ್ಟೆ ತನ್ನ ಸರದಿಯಲ್ಲೇ ಸಂತೆಗೆ ಹೋಯಿತು. ಮೆನ್ಸಿಮಾ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಬಾ ಎಂಬ ವ್ಯಾಪಾರಿ ಹೆಂಗಸು ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಸಾಲಿನ ಗುಂಟ ಬೆರಳಾಡಿಸಿ, ಕೊನೆಯ ಬಕೆಟ್ಟಿನ ಮೇಲೆ ನಿಲ್ಲಿಸಿದಳು. "ಇವಳ ಹಣೆಬರಹ ನೋಡ್ರೇ! ಸರದಿ ಬಂತು, ನೀರು ನಿಂತಿತು!"

ಅಕ್ಕಪಕ್ಕದವರು ಹೊಟ್ಟೆ ಹಿಡಿದು ನಕ್ಕರು. ಮಧ್ಯಾಹ್ನದೊಳಗೆ ಆ ಹೆಸರು ಮೀನು ಮಾರುವವರ ಸಾಲಿಗೂ ಮುಟ್ಟಿತ್ತು. "ನಂಗೂ ಆರು ಗಜ 'ಸರದಿ ಬಂತು' ಕೊಡೇ, ನನ್ನ ಓರಗಿತ್ತಿ ಎದುರಿಗೆ ಉಡಬೇಕು!" ಎಷ್ಟೋ ವರ್ಷಗಳಿಂದ ಯಾವ ಬಟ್ಟೆಯೂ ಹಾಗೆ ಖರ್ಚಾಗಿರಲಿಲ್ಲ. ಹೆಸರು ಕೇಳಿ ಒಯ್ಯಲು ಬಂದಿದ್ದ ಅರಬಾ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದಳು.

ಶುಕ್ರವಾರ ಸಭೆ ಸೇರಿತು. ಅರಬಾ ಎದ್ದು ನಿಂತು ಕೂಗಿದಳು: "ಮೆನ್ಸಿಮಾಳ ಬಟ್ಟೆ. ಹೆಸರು, 'ಸರದಿ ಬಂತು, ನೀರು ನಿಂತಿತು.'"

ನಿಯಮದಂತೆ ಉತ್ತರಕ್ಕೆ ಕಾದಳು. ಯಾರೂ ಏಳಲಿಲ್ಲ. ಗೋಡೆಯಾಚೆ ಅಚ್ಚಿನ ಯಂತ್ರ ತಿರುಗುತ್ತಲೇ ಇತ್ತು. ಕೊನೆಗೆ ಕೋಬಿನಾ ಟೋಪಿ ತೆಗೆದು ತಗ್ಗಿದ ದನಿಯಲ್ಲಿ ಹೇಳಿದ, "ಅರಬಾ, ಮುಂದಿನವರನ್ನ ಕರಿ."

ಅವಳು ಕರೆಯಲಿಲ್ಲ. ಇನ್ನೂ ಕಾಯುತ್ತಿದ್ದಳು.